ಎರಡು ಗಂಟೆ ಹತ್ತು ನಿಮಿಷದ ಹಾರಾಟ

೨೦೧೮ರ ಫೆಬ್ರವರಿ ೮, ಗುರುವಾರ. ಆಧಾರ: ನನ್ನ ದಿನಚರಿ, ಆ ವರ್ಷದ ಸಂಪುಟ. ಅಲ್ಲಿರುವುದು ಇಷ್ಟು: "ತಮ್ಮ ಹೊಗೆಸೊಪ್ಪು ಮಾರಿ, ಮಗಳೊಂದಿಗೆ ಮಧ್ಯಾಹ್ನ ಮನೆಗೆ ಬಂದ. ಅವರೆಕಾಳು ಸಾರು. ಮೂರೂವರೆಗೆ ಹೊರಟರು." ಅಕ್ಷರ ನನ್ನದೇ. ಹೊಡೆದುಹಾಕಿದ, ತಿದ್ದಿದ ಗುರುತಿಲ್ಲ.

ನಾನು ಶಾಸನಗಳ ಕಾಲನಿರ್ಣಯದಲ್ಲಿ ಮೂರು ದಶಕ ಕಳೆದು, ನಿವೃತ್ತನಾದ ಮೇಲೆ ಹುಣಸೂರಿನಲ್ಲಿ ನೆಲೆಸಿದವನು. ತಮ್ಮ ಹನಗೋಡಿನ ಸಮೀಪ ಹೊಗೆಸೊಪ್ಪು ಬೆಳೆಯುತ್ತಾನೆ. ಅವನ ಒಬ್ಬಳೇ ಮಗಳು ಆಗ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಳು. ಇನ್ನೂರು ಗಂಟೆ ಹಾರಿದ ದಾಖಲೆಯಿಲ್ಲದೆ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಅರ್ಜಿ ಹಾಕುವಂತಿಲ್ಲ. ಆ ಇನ್ನೂರರಲ್ಲಿ ಪ್ರತಿಯೊಂದು ಗಂಟೆಯೂ ದುಬಾರಿ. ಅದನ್ನು ಅಗ್ಗವಾಗಿಸಿಕೊಳ್ಳಲು ಅವಳು ಅನುಸರಿಸಿದ ಕ್ರಮವನ್ನು ನಾನು ಮೆಚ್ಚಿದ್ದೆ ಎಂಬುದನ್ನು ಮೊದಲೇ ದಾಖಲಿಸಬೇಕು.

ಇಡೀ ತರಬೇತಿಯ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವ ಶಾಲೆಗಳನ್ನು ಬಿಟ್ಟು, ಹಾರಿದಷ್ಟಕ್ಕೆ ಮಾತ್ರ ಶುಲ್ಕ ಪಡೆಯುವ ಹೊರರಾಜ್ಯದ ಸಣ್ಣ ಶಾಲೆಯೊಂದನ್ನು ಅವಳೇ ಹುಡುಕಿಕೊಂಡಿದ್ದಳು. ಹವಾಮಾನ, ಪಥನಿರ್ಣಯ, ವಾಯುಯಾನ ನಿಯಮಗಳ ಲಿಖಿತ ಪರೀಕ್ಷೆಗಳಿಗೆ ಕೋಚಿಂಗ್ ಸೇರದೆ ಹಳೆಯ ಪುಸ್ತಕ ತರಿಸಿ ಓದಿ ಪಾಸಾದಳು. ಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ರಟ್ಟಿನ ಮೇಲೆ ಬರೆದ ಮಾಪಕಗಳನ್ನು ಎದುರಿಗಿಟ್ಟು, ವಿಮಾನ ಇಳಿಸುವ ಒಂದೊಂದು ಹಂತವನ್ನೂ ಬಾಯಲ್ಲಿ ಹೇಳುತ್ತ ಕೈಯಲ್ಲಿ ಮಾಡುತ್ತ ಕೂರುತ್ತಿದ್ದಳು. ನೆಲದ ಮೇಲೆ ಮಾಡಿ ಮುಗಿಸಿದ ತಪ್ಪಿಗೆ ಆಕಾಶದಲ್ಲಿ ಶುಲ್ಕ ಕೊಡಬೇಕಾಗಿಲ್ಲ ಎಂಬುದು ಅವಳ ವಾದ. "ಬೆಂಕಿ ಆರ್ತಾ ಅದೆ, ಮೊದ್ಲು ಸೌದೆ ಆಕವ್ವ. ಇಮಾನ ಆಮೇಕೆ ಇಳಿಸೀಯಂತೆ," ಎಂದು ಪಕ್ಕದ ಹೊಲದವರು ಬೇಲಿಯಾಚೆಯಿಂದ ಕೂಗುತ್ತಿದ್ದರು. ಅವಳು ಎದ್ದು ಸೌದೆ ಹಾಕಿ, ಬಿಟ್ಟ ಹಂತದಿಂದಲೇ ಮುಂದುವರಿಸುತ್ತಿದ್ದಳು.

ಇನ್ನೊಂದು ಕ್ರಮವೂ ಇತ್ತು. ಹಾರಾಟಗಳ ನಡುವೆ ದೀರ್ಘ ಬಿಡುವಾದರೆ ಶಿಕ್ಷಕರು ಮತ್ತೆ ಜೊತೆಯಲ್ಲಿ ಕೂತು ಪರೀಕ್ಷಿಸುತ್ತಾರೆ. ಆ ಸಮಯ ಒಂಟಿಯಾಗಿ ನಡೆಸಿದ ಗಂಟೆಗಳ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಅವಳು ಅಲ್ಲೊಂದು ಇಲ್ಲೊಂದು ಗಂಟೆ ಹಾರದೆ, ತಂದೆಯ ಸೊಪ್ಪು ಹರಾಜಾಗುವವರೆಗೆ ಕಾದು, ಹೋದ ಮೇಲೆ ಒಂದೇ ಸಮನೆ ಹಾರಿ ಬರುತ್ತಿದ್ದಳು. ಅಗತ್ಯಕ್ಕಿಂತ ಹೆಚ್ಚು ಹಾರಲು ಅನುಕೂಲವಿರಲಿಲ್ಲ. ಕೊನೆಗೆ, ಹಾರಾಟಗಳನ್ನು ಬರೆದಿಡುವ ಅವಳ ಲಾಗ್‌ಬುಕ್ಕಿನ ಮೊತ್ತ ಇನ್ನೂರು ಗಂಟೆ ಇಪ್ಪತ್ತು ನಿಮಿಷ.

೨೦೧೯ರ ಜೂನ್ ೨೩, ಭಾನುವಾರ, ಆ ಲಾಗ್‌ಬುಕ್ಕನ್ನು ಅವಳು ನನ್ನ ಮನೆಗೆ ತಂದಳು. ಜೊತೆಯಲ್ಲಿ ತಮ್ಮನಿದ್ದ. ಗಂಟೆಗಳ ಕೂಡಿಕೆ ತಪ್ಪಿದ್ದರೂ ಅರ್ಜಿ ಹಿಂದಕ್ಕೆ ಬರುತ್ತದೆ, ದೊಡ್ಡಪ್ಪ ಒಮ್ಮೆ ನೋಡಿಬಿಡಲಿ ಎಂಬುದು ಇಬ್ಬರ ಅಪೇಕ್ಷೆ. ಅವಳು ಕೇಳಿದ್ದು ಕೂಡಿಕೆ ನೋಡಲು. ನಾನು ದಿನಾಂಕಗಳನ್ನು ನೋಡಿದೆ. ೨೦೧೮ರ ಫೆಬ್ರವರಿ ೮ರ ಎದುರಿಗೆ ಬೆಳಿಗ್ಗೆ ಹತ್ತೂಕಾಲಿಗೆ ಆರಂಭಿಸಿದ ಒಂಟಿ ಹಾರಾಟ ಎಂದಿತ್ತು. ಅವಧಿ ಎರಡು ಗಂಟೆ ಹತ್ತು ನಿಮಿಷ. ಆ ಫೆಬ್ರವರಿಯಲ್ಲಿ ಅವಳು ಊಟಕ್ಕೆ ಬಂದದ್ದು ನೆನಪಾಗಿ, ಒಳಗೆ ಹೋಗಿ ದಿನಚರಿ ತಂದೆ.

"ಈ ದಿನ ನೀನು ಎಲ್ಲಿದ್ದೆ?"

"ಹಾರಿಸ್ತಿದ್ದೆ ದೊಡ್ಡಪ್ಪ. ಬರ್ದಿದೆಯಲ್ಲ."

"ಇಲ್ಲಿ ಕೂತು ಊಟ ಮಾಡ್ತಿದ್ದೆ. ಅದೂ ಬರ್ದಿದೆ."

ಅವಳು ದಿನಚರಿಯ ಸಾಲನ್ನು ಎರಡು ಸಲ ಓದಿದಳು. "ಇದು ಹಿಂದಿನ್ ದಿನದ್ದು. ಸೊಪ್ಪು ಮಾರಾಟ ಆದ್ಮೇಲೇ ಅಪ್ಪ ಹೋಗು ಅಂದಿದ್ದು. ಇಲ್ಲಿ ಊಟ ಮಾಡ್ಕೊಂಡು ಸಂಜೆ ಬಸ್ ಹತ್ತಿದೆ, ಬೆಳಿಗ್ಗೆ ಹಾರಿಸ್ದೆ."

ಬಸ್ಸಿನ ಟಿಕೆಟ್ ಇದೆಯೇ ಎಂದು ಕೇಳಿದೆ. ಹದಿನಾರು ತಿಂಗಳ ಹಿಂದಿನ ಟಿಕೆಟನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದಳು. ನಾನು ಇಟ್ಟುಕೊಳ್ಳುತ್ತೇನೆ ಎಂದೆ.

ಆ ಊಟದಲ್ಲಿ ಜೊತೆಗಿದ್ದ ಇನ್ನೊಬ್ಬ ಸಾಕ್ಷಿ ತಮ್ಮ. ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡು, "ಗ್ಯಾನ ಇಲ್ಲ ಕಣಣ್ಣ," ಎಂದ. ಆಮೇಲೆ ಮಗಳ ಕಡೆ ತಿರುಗಿದ. "ಅಣ್ಣ ಬರ್ದಿಟ್ಟವ್ರೆ ಅಂದ್ಮೇಲೆ ಅಂಗೇ ಇರ್ತದೆ. ಸುಳ್ಳು ಗಂಟೆ ಬರ್ಕಂಡಿದ್ರೆ ಈಗ್ಲೇ ಒಪ್ಕಬುಡವ್ವ."

ಅವಳು ನನ್ನನ್ನು ನೋಡಲಿಲ್ಲ. ತಂದೆಯನ್ನೇ ನೋಡುತ್ತಿದ್ದಳು. ಲಾಗ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, ಬಡಿಸಿಟ್ಟ ತಟ್ಟೆಯನ್ನು ಮುಟ್ಟದೆ ಬಸ್‌ ನಿಲ್ದಾಣಕ್ಕೆ ನಡೆದುಹೋದಳು. ತಮ್ಮ ಊಟ ಮಾಡಿದ.

ಮರುದಿನ, ಜೂನ್ ೨೪ರಂದು, ಶಾಲೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಪ್ರತಿ ನನ್ನಲ್ಲಿದೆ. ಅದರಲ್ಲಿ 'ಆರೋಪ' ಎಂಬ ಪದವಿಲ್ಲ. 'ಸ್ಪಷ್ಟೀಕರಣ' ಎಂದಷ್ಟೇ ಇದೆ. ದಿನಚರಿಯ ಪುಟದ ನಕಲನ್ನು ಲಗತ್ತಿಸಿದ್ದೆ. ಸುಳ್ಳು ಗಂಟೆಗಳ ತನಿಖೆಯ ಮಾತು ಕೇಳಿದರೆ ಇಂಥ ಶಾಲೆಗಳು ಹೇಗೆ ನಡುಗುತ್ತವೆಂಬುದು ನನಗೆ ತಿಳಿದಿರಲಿಲ್ಲ. ಆಗಸ್ಟ್ ೧೩ರ ಉತ್ತರ ಏಳು ಸಾಲಿನದು. ಅಂದು ಸಹಿ ಮಾಡಿದ ಶಿಕ್ಷಕರು ಕೆಲಸ ಬಿಟ್ಟಿದ್ದಾರೆ; ಆ ಹಾರಾಟವನ್ನು ತೆಗೆದುಹಾಕಲಾಗಿದೆ; ಉಳಿದ ಗಂಟೆಗಳೂ ಪರಿಶೀಲನೆಯಲ್ಲಿರುವುದರಿಂದ ಮೊತ್ತವನ್ನು ದೃಢೀಕರಿಸಲಾಗದು. ಕೊರತೆ ಒಂದು ಗಂಟೆ ಐವತ್ತು ನಿಮಿಷ ಮಾತ್ರ. ಆದರೆ ದೃಢೀಕರಣವಿಲ್ಲದವಳನ್ನು ಬೇರೆ ಯಾವ ಶಾಲೆಯೂ ಹತ್ತಿಸಿಕೊಳ್ಳಲಿಲ್ಲ. ಆ ಶಾಲೆ ಮತ್ತೆ ಕರೆಯಲಿಲ್ಲ.

ಸೆಪ್ಟೆಂಬರ್ ೧ರಂದು ಅವಳು ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡಪ್ಪ, ದಿನಚರೀಲಿ ದಿನಾಂಕ ತಪ್ಪಿರಬಹುದು ಅಂತ ಒಂದು ಸಾಲು ಬರ್ಕೊಡಿ. ತಪ್ಪಿದೆ ಅಂತ ಬೇಡ. ತಪ್ಪಿರಬಹುದು, ಅಷ್ಟೇ. ಶಾಲೆಯವ್ರು ಒಪ್ಕೋತಾರಂತೆ."

ಆಧಾರವಿಲ್ಲದೆ ಬರೆಯಲಾರೆ ಎಂದೆ.

"ನಾನು ಆಧಾರ ಅಲ್ವಾ?"

ಫೋನ್ ಕರೆ ದಿನಚರಿಯಲ್ಲಿದೆ, ಆ ಪ್ರಶ್ನೆ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿತು. ಲಿಖಿತ ಪರೀಕ್ಷೆಗಳ ಮಾನ್ಯತೆಯ ಅವಧಿ ಮುಗಿಯಿತು. ತಮ್ಮ ಬಂದಾಗಲೆಲ್ಲ, ಸುಳ್ಳು ಬರೆದು ಬಾಳು ಕೆಡಿಸಿಕೊಂಡಳು ಎಂದು ಮಗಳನ್ನೇ ಬಯ್ಯುತ್ತಿದ್ದ. ನಾನು ತಡೆಯಲಿಲ್ಲ.

ಈಗ ಅವಳು ಡ್ರೋನ್ ಇಟ್ಟುಕೊಂಡು ಗದ್ದೆಗಳಿಗೆ ಔಷಧಿ ಹೊಡೆಯುವ ಕೆಲಸ ಮಾಡುತ್ತಾಳೆ. ೨೦೨೪ರ ಸೆಪ್ಟೆಂಬರಿನಲ್ಲಿ ಸ್ನೇಹಿತರ ಜಮೀನು ನೋಡಲು ಕೆ.ಆರ್. ನಗರದ ಕಡೆ ಹೋದಾಗ ಬದುವಿನ ಮೇಲೆ ನಿಂತಿದ್ದವಳನ್ನು ಕಂಡೆ. ಕೊರಳಲ್ಲಿ ನಿಯಂತ್ರಕ, ಮುಖಕ್ಕೆ ಕಟ್ಟಿದ ಬಟ್ಟೆ. ಅವಳ ಕಥೆ ತಿಳಿದಿದ್ದ ಗದ್ದೆಯ ಮಾಲೀಕ ಎಲ್ಲರಿಗೂ ಕೇಳುವಂತೆ, "ಏನವ್ವ, ಇದ್ರೊಳಿಕೆ ನೀನು ಕೂರಾಕಾಗಕಿಲ್ವಾ?" ಎಂದ. ಆಳುಗಳು ನಕ್ಕರು. "ಆಗಕಿಲ್ಲ ಕಣಣ್ಣ, ಒಳಗೆ ಔಸ್ದಿ ಅದೆ. ನೀವ್ ಬೇಕಾದ್ರೆ ಕೂತ್ಕಳಿ," ಎಂದು ಅವಳು ಅವನದೇ ಭಾಷೆಯಲ್ಲಿ ಹೇಳಿ ಡ್ರೋನನ್ನು ಮೇಲೆಬ್ಬಿಸಿದಳು. ನನ್ನನ್ನು ಗುರುತಿಸಿದಳು. ಮಾತಾಡಿಸಲಿಲ್ಲ.

ಕಳೆದ ತಿಂಗಳು ತಮ್ಮ ತನ್ನ ಬೆಳೆಗಾರರ ನೋಂದಣಿಯ ನವೀಕರಣಕ್ಕೆಂದು ಹಳೆಯ ಕಾಗದಗಳ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟು, ಜೋಡಿಸಿಕೊಡು ಎಂದ. ವರ್ಷವಾರು ಜೋಡಿಸಿದೆ. ಮೂರು ದಿನ ಬಿಟ್ಟು ಬಂದು, ಎಲ್ಲ ಸರಿಯಾಗಿದೆಯೇ ಎಂದು ಕೇಳಿದ. ಸರಿಯಾಗಿದೆ ಎಂದು ಹೇಳಿ ಗಂಟನ್ನು ಹಿಂದಿರುಗಿಸಿದೆ. ಒಂದು ಚೀಟಿಯನ್ನು ಮಾತ್ರ ಕೊಡಲಿಲ್ಲ.

ಅದು ಹೊಗೆಸೊಪ್ಪು ಹರಾಜು ಮಾರುಕಟ್ಟೆಯ ಮಾರಾಟದ ಚೀಟಿ, ಹೆಸರು ತಮ್ಮನದು. ಆ ವರ್ಷದ ಉಳಿದ ಚೀಟಿಗಳನ್ನೂ ನೋಡಿದೆ. ಫೆಬ್ರವರಿಯಲ್ಲಿ ಅವನು ಸೊಪ್ಪು ಮಾರಿದ್ದು ಒಂದೇ ದಿನ. ನನ್ನ ದಿನಚರಿಯ ಪ್ರಕಾರ ಆ ಮಾರಾಟ, ಅನಂತರದ ಊಟ, ಎರಡೂ ಗುರುವಾರ, ಫೆಬ್ರವರಿ ೮. ಚೀಟಿಯ ಮೇಲೆ ಯಂತ್ರ ಅಚ್ಚೊತ್ತಿದ ದಿನಾಂಕ: ೭-೨-೨೦೧೮, ಬುಧವಾರ.