ತವರಿನ ದೋಷ

ಇವತ್ತು ಬೆಳಿಗ್ಗೆ ನಾನು ಬೆಂಗಳೂರಿಗೆ ಹೊರಟಾಗ ಅತ್ತೆ ಹೊಸ್ತಿಲಿಗೆ ಅಡ್ಡ ಕೂತರು, ಗೆಳತಿಯರೇ. ಅತ್ತೆ ಎಂದರೆ ನನ್ನ ಅವ್ವನ ಅವ್ವ. ‘ಮನೆ ಹುಡುಗಿ ಮನೆಯಾಗೇ ಇರ್ಲಿ’ ಎಂದು ಹಟ ಹಿಡಿದು ನನ್ನನ್ನು ಸೋದರಮಾವನಿಗೆ ಕಟ್ಟಿದವರು ಅವರೇ. ಈಗಲೂ ನಾನು ಅಜ್ಜಿ ಎಂದೇ ಕರೆಯುವುದು.

ನಮ್ಮ ಮೊದಲ ಮಗುವಿಗೆ ಕತ್ತು ನಿಲ್ಲಲೇ ಇಲ್ಲ. ಎರಡು ವರ್ಷಕ್ಕೆ ಹೋಯಿತು. ತೀರಾ ಅಪರೂಪದ ಕಾಯಿಲೆ, ತಂದೆ ತಾಯಿ ಇಬ್ಬರ ರಕ್ತದಿಂದಲೂ ಬಂದದ್ದು ಎಂದರು ಡಾಕ್ಟರು. ಈಗ ನನಗೆ ಮತ್ತೆ ನಾಲ್ಕು ತಿಂಗಳು. ಗರ್ಭದ ನೀರು ತೆಗೆದು ಮೊದಲೇ ಪತ್ತೆ ಮಾಡುವ ಪರೀಕ್ಷೆ ಬೆಂಗಳೂರಿಗೆ ಬಂದಿದೆಯಂತೆ. ಡಾಕ್ಟರೇ ಟ್ರಂಕ್ ಕಾಲ್ ಮಾಡಿ ನಾಳೆಗೆ ಗೊತ್ತು ಮಾಡಿದ್ದಾರೆ.

“ಹೊಟ್ಟಿಗೆ ಸೂಜಿ ಚುಚ್ಚಿಸ್ಕೊಳ್ಳಾಕೆ ಅಷ್ಟು ದೂರ ಹೋಗ್ಬೇಕೇನು?” ಎಂದರು ಅಜ್ಜಿ. “ನಮ್ಮ ವಂಶದಾಗೆ ಇಂಥದ್ದಿಲ್ಲ. ಇದು ನಿನ್ನ ತವರಿನ ದೋಷ. ನಿಮ್ಮವ್ವನ ಕಡೆಯಿಂದ್ಲೇ ಬಂದೈತೆ.”

“ನಮ್ಮವ್ವನ್ನ ಹೆತ್ತೋರು ಯಾರಜ್ಜಿ?”

ಅಜ್ಜಿ ಮಗನಿಗಾಗಿ ಬೀದಿಯತ್ತ ನೋಡಿದರು. ನನ್ನ ಗಂಡ ಸೀಟು ಹಿಡಿಯುವ ನೆಪದಲ್ಲಿ ಆಗಲೇ ಬಸ್‌ಸ್ಟ್ಯಾಂಡಿಗೆ ಓಡಿದ್ದರು.

“ಐತೆ ಅಂತ ಗೊತ್ತಾದ್ರೆ ಏನ್ಮಾಡ್ತೀಯ?” ಎಂದರು ಅಜ್ಜಿ, ದನಿ ತಗ್ಗಿಸಿ.

“ಅದನ್ನ ನಾನು ನೋಡ್ಕೋತೀನಿ. ಹೋದ ಸಲ ಎರಡು ವರ್ಷ ತೋಳಾಗೆ ಹೊತ್ತೋಳು ನಾನು.”

ಅವರು ಕಾಲು ಮಡಚಿಕೊಂಡರು. ನಾನು ಹೊಸ್ತಿಲು ದಾಟಿದೆ.

ಬಸವಾಪಟ್ಟಣದಲ್ಲಿ ಬಸ್ಸು ಹತ್ತಿ, ಗಂಡ ಹಿಡಿದಿದ್ದ ಸೀಟಿನಲ್ಲಿ ಕೂತಾಗ ಪಕ್ಕದ ಹೆಂಗಸು ಬ್ಯಾಗು ನೋಡಿ, “ತವರಿಗೆ ಹೊಂಟೀಯೇನವ್ವ?” ಎಂದರು.

“ನನ್ನ ತವರಿಂದೂ ಅತ್ತೆ ಮನೆದೂ ಒಂದೇ ರಕ್ತ ರೀ,” ಎಂದೆ. “ಅದಕ್ಕೇ ಆಸ್ಪತ್ರೆಗೆ ಹೊಂಟೀನಿ.”