ಮುಂದೆ ನೋಡಿಕೊಂಡು ಹಿಮ ತೆಗೆದ ರಾಜೇಶ್ವರಿ

ಬೈಲಹೊಂಗಲದ ರಾಜೇಶ್ವರಿ ಕೆನಡಾದ ಜಾರ್ಜ್‌ಟೌನಿನ ಹೊರಗಿನ ತನ್ನ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಂದಿನಿಂದ ಅವಳ ಕುತ್ತಿಗೆ ಯಾವ ಕಡೆಗೂ ಪೂರ್ತಿ ಹೊರಳುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದಳು. ಹೊಸಬರು ಅದನ್ನು ಮರ್ಯಾದೆ ಎಂದುಕೊಳ್ಳುತ್ತಿದ್ದರು.

ರಸ್ತೆಯಿಂದ ಮನೆಯವರೆಗೆ ಉದ್ದನೆಯ ಜಲ್ಲಿ ದಾರಿ. ಹಿಮ ತೆಗೆಯಲು ಬರುತ್ತಿದ್ದವನು ಬೋಲ್ಟನ್ನಿನ ಗೋದಾಮುಗಳ ಕೆಲಸ ಸಿಕ್ಕಿತೆಂದು ಇವರನ್ನು ಬಿಟ್ಟ. ಗಂಡ ಪ್ರಮೋದನಿಗೆ ಹೃದಯದ ಆಪರೇಷನ್ ಆಗಿತ್ತು, ಸಲಿಕೆ ಮುಟ್ಟುವಂತಿರಲಿಲ್ಲ. ವಿಡಿಯೊ ನೋಡಬಹುದಿತ್ತು. ಬೇಸಿಗೆಯಿಡೀ ಸಣ್ಣ ಟ್ರ್ಯಾಕ್ಟರುಗಳ, ಅವಕ್ಕೆ ಜೋಡಿಸುವ ಹಿಮ ಎತ್ತಿ ಎಸೆಯುವ ಸ್ನೋಬ್ಲೋವರುಗಳ ವಿಡಿಯೊ ನೋಡಿದ.

ಟ್ರ್ಯಾಕ್ಟರಿನ ಅಂಗಡಿಗೆ ಹೋದಾಗ ಅವನ ತೀರ್ಮಾನ ಆಗಿತ್ತು. “ಹಿಂದ ಹಚ್ಚೂ ಸ್ನೋಬ್ಲೋವರ್ರ ಚಲೋ. ಗಟ್ಟಿ ಇರ್ತದ.”

“ಗಾಡಿ ರಿವರ್ಸ್ ಹೊಡೀಬೇಕಲ್ರಿ?”

“ಹೌದು. ಹೊಳ್ಳಿ ನೋಡ್ಕೋಂತ.”

“ಯಾರು ಹೊಳ್ಳಿ ನೋಡೋರು?”

ಈ ಪ್ರಶ್ನೆ ಯಾವ ವಿಡಿಯೊದಲ್ಲೂ ಬಂದಿರಲಿಲ್ಲ.

ಕನ್ನಡಿ ಹಾಕಿಸಿದರಾಯಿತು ಆಂಟೀಜಿ ಎಂದ ಅಂಗಡಿಯವನು. ಅವಳು ಟ್ರ್ಯಾಕ್ಟರು ಹತ್ತಿ, ಕನ್ನಡಿ ನೋಡುತ್ತ ಹಿಂದಕ್ಕೆ ಹೊಡೆದಳು. ಅಂಗಡಿಯ ಬಾವುಟದ ಕಂಬ ಮಲಗಿತು. ಮುಂದೆ ಜೋಡಿಸುವ ಬ್ಲೋವರನ್ನು ಅವನೇ ತೋರಿಸಿದ. ಚಕ್ರ ಜಾರದಂತೆ ಹಿಂದೆ ಕಟ್ಟುವ ಭಾರ, ಹೀಟರಿರುವ ಗಾಜಿನ ಕ್ಯಾಬಿನ್ನು, ಇವೂ ಸೇರಿದವು.

ಮೊದಲ ಹಿಮ ಬಿದ್ದಾಗ ನೆಲ ಇನ್ನೂ ಗಟ್ಟಿಯಾಗಿರಲಿಲ್ಲ. ಬ್ಲೋವರು ಹಿಮದ ಜೊತೆ ಜಲ್ಲಿಯನ್ನೂ ಎತ್ತಿ ಎಸೆಯಿತು. ಪ್ರಮೋದನ ಫೋನು ಬಂತು.

“ರಾಜೀ, ಅಡಗಿಮನಿ ಕಿಡಕಿ ಒಡೀತು.”

“ನಿಮಗೇನಾತು?”

“ನನಗೇನಿಲ್ಲ. ಉಪ್ಪಿಟ್ಟಿನ್ಯಾಗ ಖಡಿ ಬಿದ್ದಾವ.”

ಅವತ್ತೇ ಅವಳು ಬ್ಲೋವರಿನ ಬಾಯಿ ನೆಲದಿಂದ ಮೇಲೆ ನಿಲ್ಲುವಂತೆ ಅದರ ಅಡಿಯ ಪಟ್ಟಿಗಳನ್ನು ಇಳಿಸಿ ಬಿಗಿದಳು. ಆಮೇಲೆ ದಾರಿಯಲ್ಲಿ ತೆಳ್ಳಗೆ ಹಿಮ ಉಳಿಯುತ್ತಿತ್ತು, ಕಲ್ಲು ಹಾರುತ್ತಿರಲಿಲ್ಲ.

ಜನವರಿಯ ಬಿರುಗಾಳಿಯ ಬೆಳಿಗ್ಗೆ ಪಕ್ಕದ ಮನೆಯ ಡೋರೀನ್ ಫೋನ್ ಮಾಡಿದಳು. ಗಂಡ ಕೆನ್‌ಗೆ ಉಸಿರು ಸಿಗುತ್ತಿಲ್ಲ, ಆಂಬ್ಯುಲೆನ್ಸು ರಸ್ತೆಯಲ್ಲೇ ನಿಂತಿದೆ. ಅವರ ದಾರಿಯಲ್ಲಿ ಸೊಂಟದೆತ್ತರ ಹಿಮ. ರಾಜೇಶ್ವರಿ ಕೋಟಿನ ಗುಂಡಿಯನ್ನೂ ಹಾಕದೆ ಹೊರಟಳು. ಅವಳು ಹಿಮ ಸೀಳುತ್ತ ಮುಂದೆ, ಆಂಬ್ಯುಲೆನ್ಸು ಹಿಂದೆ. ವೇಗ ಹೆಚ್ಚಿಸಿದರೆ ಬ್ಲೋವರಿನ ಬಾಯಿಗೆ ಹಿಮ ಕಟ್ಟಿಕೊಳ್ಳುತ್ತದೆ. ದಿಬ್ಬಣದ ಮುಂದೆ ಹೋಗುವವಳ ಹಾಗೆ ನಿಧಾನವಾಗಿಯೇ ಹೋದಳು. ಹಲ್ಲು ಕಚ್ಚಿ ಹಿಡಿದದ್ದು ದವಡೆ ನೋಯತೊಡಗಿದಾಗಲೇ ಅವಳಿಗೆ ಗೊತ್ತಾಯಿತು.

ಕೆನ್ ಉಳಿದ.

ಆ ಬೆಳಿಗ್ಗೆ ಮನೆಗೆ ಬಂದು ಅವಳು ಕ್ಯಾಬಿನ್ನಿನಲ್ಲೇ ಕೂತಳು. ಪ್ರಮೋದ ಬಂದು ಬಾಗಿಲು ತೆಗೆದ.

“ಇಳೀವಲ್ಲಿ ಯಾಕ?”

“ಎಂಜಿನ್ ಹೆಂಗ ಆರಸೂದಂತ ಮರ್ತೀನ್ರಿ.”

ಅವನು ಕೈ ಚಾಚಿ ಎಂಜಿನ್ ಆರಿಸಿದ. ಅವಳನ್ನು ಹಿಡಿದು ಇಳಿಸಿ, ಒಳಗೆ ಹೋಗಿ ಚಹಾ ಮಾಡಿದ. ಶುಂಠಿ ಜಾಸ್ತಿಯಾಗಿತ್ತು. ಅವಳು ಇನ್ನೊಂದು ಕಪ್ ಕೇಳಿದಳು.