ತಂಗಿಯ ಬಿರಡೆ

ಜಪಾನಿನ ಹಮಾಮತ್ಸುವಿನಲ್ಲಿ ಕನ್ನಡದವರು ಸೇರಿದರೆ ಮೊದಲು ಕೇಳುವ ಪ್ರಶ್ನೆ, ‘ಯಾವ ಕಂಪನಿ?’ ಕಾರಿನದೋ ಬೈಕಿನದೋ ಒಂದು ಹೆಸರು ಬರುತ್ತದೆ, ಮಾತು ಮುಂದೆ ಸಾಗುತ್ತದೆ. ಅಹಲ್ಯಾ ಮಾತ್ರ ‘ನಾನು ಬಿರಡೆ ಮಾಡ್ತೀನಿ’ ಎನ್ನುತ್ತಿದ್ದಳು. ವೀಣೆಯದಾ ಎಂದು ಯಾರಾದರೂ ಕೇಳಿದರೆ, ಅಲ್ಲ, ಐರ್ಲೆಂಡಿನ ಹಾರ್ಪಿನದು ಎನ್ನುವಳು. ಆಮೇಲೆ ಎಲ್ಲರೂ ಚಟ್ನಿಯ ಕಡೆ ಕೈ ಚಾಚುತ್ತಿದ್ದರು.

ಅವಳಿಗೆ ಲೇತ್ ಕೆಲಸ ಒಲಿದದ್ದು ಮೈಸೂರಿನ ಐಟಿಐಯಲ್ಲಿ. ತಾಯಿ ಬೇಗ ತೀರಿಕೊಂಡಿದ್ದರು. ತಂಗಿ ಪ್ರಣತಿಗೆ ಎಣ್ಣೆ ಹಚ್ಚಿ ಜಡೆ ಹೆಣೆದು ಶಾಲೆಗೆ ಬಿಟ್ಟು, ಅದೇ ಎಣ್ಣೆಗೈಯಲ್ಲಿ ವರ್ಕ್‌ಶಾಪಿಗೆ ಓಡುತ್ತಿದ್ದಳು. ಹೆಣ್ಣುಮಗಳಿಗೆ ಕಬ್ಬಿಣ ಕಡಿಯುವ ಕೆಲಸ ಯಾಕೆ ಎಂದು ನೆಂಟರು ಮೂಗು ಮುರಿದರು. ಮೂಗು ಮುರಿಯುವುದಕ್ಕೆ ಖರ್ಚೇನೂ ಇಲ್ಲವಲ್ಲ. ಎಂಜಿನಿಯರ್ ಗಿರಿಧರನನ್ನು ಮದುವೆಯಾಗಿ ಜಪಾನಿಗೆ ಬಂದ ಮೇಲೆ ಅವಳ ಕೈಗೆ ಕೆಲಸವಿಲ್ಲದಂತಾಯಿತು. ಒಂದು ಮಧ್ಯಾಹ್ನ ತರಕಾರಿ ಚೀಲ ಹಿಡಿದು ಬರುವಾಗ, ಅರ್ಧ ಎತ್ತಿದ ಶಟರಿನೊಳಗಿಂದ ಲೇತಿನ ಸದ್ದು ಕೇಳಿಸಿತು. ನಿಂತಳು. ಮರುದಿನವೂ ನಿಂತಳು. ಪಿಯಾನೊ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಅಲ್ಲಿನ ಯಜಮಾನ ತೆರಾದಾ ಅವರು, ಆ ಊರಿನ ರೂಢಿಯಲ್ಲಿ ತೆರಾದಾ-ಸಾನ್, ಮೊದಲು ಚಹಾ ಕೊಟ್ಟರು, ಆಮೇಲೆ ಲೇತನ್ನೇ ಬಿಟ್ಟುಕೊಟ್ಟರು.

ಅವರು ಮಾಡುತ್ತಿದ್ದದ್ದು ಹಿತ್ತಾಳೆ ತಂತಿಯ ಹಳೇ ಕಾಲದ ಹಾರ್ಪು. ಒಮ್ಮೆ ಮೀಟಿದರೆ ನಾದ ಗುಡಿಯ ಗಂಟೆಯ ಹಾಗೆ ಬಹಳ ಹೊತ್ತು ನಿಲ್ಲುತ್ತದೆ, ಬೆರಳಿಟ್ಟು ಅಡಗಿಸಬೇಕು. ಮೇಲಿನ ಬಾಗಿದ ಮರಕ್ಕೆ ಕತ್ತು ಎಂದು ಹೆಸರು. ಒಂದೊಂದು ತಂತಿಗೂ ಆ ಕತ್ತಿನಲ್ಲಿ ಒಂದೊಂದು ಬಿರಡೆ. ಅದು ಬೆರಳುದ್ದದ ಉಕ್ಕಿನ ಕಡ್ಡಿ. ಒಂದು ತುದಿ ತುಸು ದಪ್ಪ, ಇನ್ನೊಂದು ತುದಿಗೆ ಹೋಗುತ್ತಾ ಸಪೂರ. ದಪ್ಪ ತುದಿಗೆ ಕೀಲಿ ಹಾಕಿ ತಿರುಗಿಸುವುದು, ಸಪೂರ ತುದಿಯ ತೂತಿಗೆ ತಂತಿ ಕಟ್ಟುವುದು. ಸ್ಕ್ರೂ ಇಲ್ಲ, ಅಂಟಿಲ್ಲ. ಕತ್ತಿನಲ್ಲಿ ಅದೇ ಓರೆಗೆ ತೂತು ಕೊರೆದು, ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ಒತ್ತಿದಷ್ಟೂ ಮರ ಹಿಡಿಯುತ್ತದೆ. ಇಲ್ಲವಾದರೆ ತಂತಿಯ ಎಳೆತಕ್ಕೆ ಬಿರಡೆ ಜಾರಿ ಶ್ರುತಿ ಇಳಿಯುತ್ತದೆ. ಬಿರಡೆ ಮಾಡುವುದು ಅಹಲ್ಯಾ, ಕೂರಿಸುವುದು ತೆರಾದಾ-ಸಾನ್, ಹೀಗೆ ವರ್ಷಗಟ್ಟಲೆ ನಡೆಯಿತು.

ಹಾರ್ಪಿನ ನಡುವೆ ಅಕ್ಕಪಕ್ಕದ ಎರಡು ತಂತಿ ಒಂದೇ ಶ್ರುತಿಯವು. ಮೊದಲು ಇವೆರಡನ್ನು ಕೂಡಿಸಿಕೊಂಡೇ ಉಳಿದವುಗಳಿಗೆ ಹೋಗಬೇಕು. ಐರ್ಲೆಂಡಿನವರು ಇವನ್ನು ಅಕ್ಕತಂಗಿಯರು ಎನ್ನುತ್ತಿದ್ದರಂತೆ. ತೆರಾದಾ-ಸಾನ್ ಜಪಾನಿ ಭಾಷೆಯಲ್ಲಿ ಅಕ್ಕನನ್ನು ‘ಅನೆ’ ಎಂದರು, ತಂಗಿಯನ್ನು ‘ಇಮೋತೊ’ ಎಂದರು. ಅಹಲ್ಯಾ ಅವತ್ತೇ ಮೈಸೂರಿಗೆ ಫೋನ್ ಮಾಡಿ ಇದನ್ನು ಹೇಳಿದಳು.

“ಅಕ್ಕಂಗೆ ಅಲ್ಲಿ ಆನೆ ಅಂತಾರಾ?” ಪ್ರಣತಿ ನಕ್ಕೂ ನಕ್ಕೂ ಕೆಮ್ಮಿದಳು. “ಕರೆಕ್ಟಾಗೇ ಅಂತಾರೆ ಬಿಡು. ನಿನ್ನನ್ನ ನೋಡೇ ಹೆಸರಿಟ್ಟಿರ್ಬೇಕು.”

ಅಂಥ ಹುಡುಗಿಗೆ ಎಲುಬಿನ ಕಾಯಿಲೆ ಬಂತು. ಅಹಲ್ಯಾ ಹೋಗಿ ಒಂದಷ್ಟು ದಿನ ಇದ್ದು ನೋಡಿಕೊಂಡಳು. ವಾಪಸ್ ಬಂದ ವಾರದಲ್ಲೇ ಸುದ್ದಿ ಬಂತು. ಅವಳು ಅಳಲಿಲ್ಲ. ಒಲೆಯ ಮೇಲಿದ್ದ ಕುಕ್ಕರ್ ಇಳಿಸಿದಳು, ತಲೆಗೆ ಸ್ನಾನ ಮಾಡಿದಳು, ದೀಪ ಹಚ್ಚಿದಳು. “ಅತ್ತುಬಿಡು ಅಹಲ್ಯಾ, ಪ್ಲೀಸ್” ಎಂದು ಗಿರಿಧರ ಗೋಗರೆದ. ಅಳು ಬರಬೇಕಲ್ಲ. ಸತ್ತವಳನ್ನು ಕಣ್ಣಾರೆ ಕಾಣದೆ ಸತ್ತಳೆಂದು ನಂಬುವುದು ಹೇಗೆ ಎಂದು ಅವಳ ಮನಸ್ಸು ಹಟ ಹಿಡಿದಿತ್ತು.

ಆ ಚಳಿಗಾಲದಲ್ಲಿ ತೆರಾದಾ-ಸಾನ್ ಅವರ ಮಣಿಕಟ್ಟು ಕೈಕೊಟ್ಟಿತು. ಇನ್ನು ಬಿರಡೆ ಕೂರಿಸುವುದೂ ನೀವೇ ಎಂದರು. ಅವಳು ಮೊದಲು ಕೂರಿಸಿದ ಹಾರ್ಪು ಒಕಾಜಾಕಿ ಊರಿನ ಹಿರಾನೊ-ಸಾನ್ ಎಂಬ ವಿಧವೆ ಮುದುಕಿಗೆ ಮಾಡಿದ್ದು. ಹೊಸ ತಂತಿ ಮೊದಮೊದಲು ಹಿಗ್ಗುತ್ತದೆ, ದಿನಾ ಬೆಳಿಗ್ಗೆ ಬಿಗಿಮಾಡಬೇಕು. ಅಹಲ್ಯಾ ಶಟರ್ ಎತ್ತಿ, ಚಪ್ಪಲಿ ಬಿಟ್ಟು, ಒಂದೊಂದೇ ತಂತಿ ಮೀಟಿದಳು. ದಿನ ಕಳೆದಂತೆ ಉಳಿದ ತಂತಿಗಳೆಲ್ಲ ಶ್ರುತಿಯಲ್ಲಿ ನಿಂತವು. ತಂಗಿ ಮಾತ್ರ ನಿಲ್ಲಲಿಲ್ಲ.

ಅದು ಇಳಿಯುತ್ತಿದ್ದದ್ದು ಒಂದೇ ಒಂದು ಎಳೆ. ಅಕ್ಕನನ್ನೂ ತಂಗಿಯನ್ನೂ ಒಟ್ಟಿಗೆ ಮೀಟಿದರೆ ಎರಡು ನಾದದ ನಡುವೆ ಏನೋ ನಡುಗುತ್ತಿತ್ತು. ಪ್ರಣತಿ ಹಾಡುತ್ತಿದ್ದದ್ದೇ ಹಾಗೆ. ಗೌರಿಹಬ್ಬದ ಆರತಿಗೆ ಅಕ್ಕತಂಗಿ ಜೊತೆಗೆ ಹಾಡಿದರೆ ತಂಗಿಯ ದನಿ ಸದಾ ಒಂದು ಎಳೆ ಕೆಳಗೆ, ಬೈದರೂ ಮೇಲೆ ಬಾರದು. ಈಗ ಅದೇ ದನಿ, ಅಷ್ಟೇ ಕೆಳಗೆ, ಖಾಲಿ ವರ್ಕ್‌ಶಾಪಿನಲ್ಲಿ ಕೇಳಿಸಿತು. ಅಹಲ್ಯಾ ಬೆರಳಿಟ್ಟು ಅಡಗಿಸಲಿಲ್ಲ. ನಾದ ತಾನಾಗಿ ಮುಗಿಯುವವರೆಗೆ ನಿಂತಳು, ಮತ್ತೆ ಮೀಟಿದಳು.

ತಂಗಿ ಬಂದು ಹೋಗುತ್ತಿದ್ದಾಳೆ ಎಂದು ಅವಳು ನಂಬಿದಳು. ಯಾರಿಗೆ ಹೇಳುವುದು? ಗಿರಿಧರನಿಗೆ ಹೇಳಿದರೆ ಕೌನ್ಸೆಲಿಂಗ್ ಎನ್ನುತ್ತಾನೆ. ದಿನಾ ಬೆಳಿಗ್ಗೆ ಬಿರಡೆ ತಿರುಗಿಸಿ ಶ್ರುತಿ ಸೇರಿಸುವಳು, ಮರುದಿನ ಅದು ಇಳಿದಿರಲಿ ಎಂದು ಹಾರೈಸುತ್ತಾ ಬರುವಳು. ಇಳಿದಿರುತ್ತಿತ್ತು. ತೆರಾದಾ-ಸಾನ್ ಬಿರಡೆಯ ಓರೆ ಅಳೆದರು, ತೂತು ಅಳೆದರು, ತಪ್ಪೇನೂ ಸಿಗಲಿಲ್ಲ. “ಒತ್ತಿದ್ದೀರಿ ತಾನೆ?” ಎಂದರು. “ಒತ್ತಿದ್ದೇನೆ” ಎಂದಳು. ಸುಳ್ಳಲ್ಲ, ಹಾಗೆಂದೇ ಅವಳು ತಿಳಿದಿದ್ದಳು. ತಂತಿ ಇನ್ನೂ ಹಿಗ್ಗುತ್ತಿರಬೇಕೆಂದು ಹಾರ್ಪನ್ನು ಒಕಾಜಾಕಿಗೆ ಕಳಿಸಿದರು. ವಾಪಸ್ ಬಂತು. ಬೇರೆ ಬಿರಡೆ ಹಾಕಿ ಮತ್ತೆ ಕಳಿಸಿದರು.

ಈ ಸಲ ಹಾರ್ಪನ್ನು ಹಿರಾನೊ-ಸಾನ್ ತಾವೇ ತಂದರು. ಆ ಭಾರವನ್ನು ಬೆನ್ನಿಗೆ ಹೊತ್ತು ರೈಲಿನಲ್ಲಿ ಬಂದಿದ್ದರು. ಬಾಗಿಲಲ್ಲೇ ಬಗ್ಗಿ ನಮಸ್ಕರಿಸಿ “ಸುಮಿಮಾಸೆನ್” ಎಂದು ಕ್ಷಮೆ ಕೇಳಿದರು.

“ತಪ್ಪು ನನ್ನದೇ. ಇಮೋತೊ ದಿನಾ ಇಳಿದ ಹಾಗೆ ಕೇಳಿಸುತ್ತದೆ. ಇಷ್ಟು ಚೆನ್ನಾಗಿ ಮಾಡಿದ ವಾದ್ಯ ಇಳಿಯುವುದುಂಟೆ? ನನ್ನ ಕಿವಿಯೇ ಹೋಗಿರಬೇಕು. ಇದನ್ನು ಸರಿಯಾಗಿ ಕೇಳಿಸುವವರಿಗೆ ಕೊಟ್ಟುಬಿಡಿ.”

ದೂರಲು ಬರಬೇಕಾದವರು ಕ್ಷಮೆ ಕೇಳಿದರೆ ಎದುರಿಗಿರುವವರು ಎಲ್ಲಿಗೆ ಹೋಗಬೇಕು? ತನ್ನ ತಂಗಿ ಬರಲಿ ಎಂದು ತಾನು ಕಾಯುತ್ತಿದ್ದರೆ, ಬದುಕಿರುವ ಈ ಹೆಂಗಸು ತನ್ನ ಕಿವಿಯನ್ನೇ ಅನುಮಾನಿಸುತ್ತಾ ಕೂತಿದ್ದಳು. ಬಿರಡೆ ನಿಂತರೆ ಪ್ರಣತಿ ಇನ್ನು ಬರುವುದಿಲ್ಲ. ನಿಲ್ಲದಿದ್ದರೆ ಈಕೆ ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

“ನಿಮ್ಮ ಕಿವಿ ಸರಿಯಾಗಿದೆ” ಎಂದು ಅಹಲ್ಯಾ ಕೀಲಿ ಎತ್ತಿಕೊಂಡಳು.

ತೆರಾದಾ-ಸಾನ್ ಪಕ್ಕದಲ್ಲಿ ನಿಂತು ನೋಡಿದರು. ಅಕ್ಕನ ಬಿರಡೆ ಒತ್ತಿದಳು, ಸರಿ. ತಂಗಿಯದಕ್ಕೆ ಬಂದಳು.

“ಅಹಲ್ಯಾ-ಸಾನ್, ಉಳಿದವಕ್ಕೆಲ್ಲ ನಿಮ್ಮ ಭುಜ ಬಗ್ಗುತ್ತದೆ. ಇಮೋತೊಗೆ ಮಾತ್ರ ಬೆರಳು ತಾಗಿಸಿ ಬಿಡುತ್ತೀರಿ.”

ಅವಳು ತನ್ನ ಕೈಯನ್ನು ನೋಡಿಕೊಂಡಳು. ಹೌದು, ಹಗುರಾಗಿ ಕೂತಿತ್ತು. ಆ ಹಗುರ ಎಲ್ಲಿಯದೆಂದು ಆಗ ತಿಳಿಯಿತು. ಮೈಸೂರಿನಲ್ಲಿ ಕಾಯಿಲೆಯಿಂದ ಮಲಗಿದ್ದ ತಂಗಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ಅದು. ಲೇತ್ ಹಿಡಿದ ಒರಟು ಕೈ, ಎಷ್ಟು ಮೆಲ್ಲಗೆ ತಿಕ್ಕಿದರೂ ಪ್ರಣತಿ ಮುಖ ಹಿಂಡುವಳು. “ಮೆತ್ತಗೆ ಅಕ್ಕಾ, ನೋಯತ್ತೆ.” ಕೊನೆಯ ದಿನಗಳಲ್ಲಿ ಅವಳು ಬೇರೆ ಮಾತೇ ಆಡಿರಲಿಲ್ಲ. ಅಹಲ್ಯಾಳ ತಲೆ ಆ ಮಾತನ್ನು ಎಲ್ಲೋ ಒಳಗೆ ಹೂತಿಟ್ಟಿತ್ತು, ಕೈ ಮಾತ್ರ ಪಾಲಿಸುತ್ತಲೇ ಬಂದಿತ್ತು. ಬರುತ್ತಿದ್ದವಳು ಪ್ರಣತಿಯಲ್ಲ. ಆ ದನಿಯನ್ನು ಕರೆಸುತ್ತಿದ್ದದ್ದು ಈ ಕೈ.

ಕಣ್ಣು ಮುಚ್ಚಿದಳು. “ತಡ್ಕೊ ಪುಟ್ಟಿ, ಇದೊಂದ್ಸಲ” ಎಂದು ಭುಜದ ಭಾರವನ್ನೆಲ್ಲ ಹಾಕಿ ಒತ್ತುತ್ತಾ ತಿರುಗಿಸಿದಳು. ಮರ ಕಿರುಗುಟ್ಟಿತು. ಅವಳು ಹಲ್ಲು ಕಚ್ಚಿದಳು, ಕೈ ಸಡಿಲಿಸಲಿಲ್ಲ. ಹಿರಾನೊ-ಸಾನ್ ತಲೆ ತಗ್ಗಿಸಿ ಕೂತಿದ್ದರು. ವಾದ್ಯ ಒಂದು ರಾತ್ರಿ ಇಲ್ಲೇ ಇರಲಿ, ನಾಳೆ ನೋಡಿ ಕಳಿಸುತ್ತೇವೆ ಎಂದು ತೆರಾದಾ-ಸಾನ್ ಆಕೆಯನ್ನು ಸ್ಟೇಷನ್ನಿಗೆ ಬಿಟ್ಟುಬಂದರು.

ಮರುದಿನ ಬೆಳಿಗ್ಗೆ ಅಹಲ್ಯಾ ಶಟರ್ ಎತ್ತಿ ನೇರ ಹಾರ್ಪಿನ ಮುಂದೆ ನಿಂತಳು. ಅಕ್ಕನನ್ನು ಮೀಟಿದಳು, ತಂಗಿಯನ್ನು ಮೀಟಿದಳು, ಎರಡನ್ನೂ ಒಟ್ಟಿಗೆ ಮೀಟಿದಳು. ಒಂದೇ ನಾದ. ನಡುವೆ ಯಾವ ನಡುಕವೂ ಇರಲಿಲ್ಲ. ಇನ್ನೊಮ್ಮೆ ಮೀಟಿ ಕಿವಿಯನ್ನು ಮರಕ್ಕೇ ಹಚ್ಚಿದಳು. ಅಲ್ಲಿ ತಂತಿ ಬಿಟ್ಟರೆ ಯಾರೂ ಇರಲಿಲ್ಲ.

ನೆಲದ ಮೇಲೆ ಕೂತು ಗಿರಿಧರನಿಗೆ ಫೋನ್ ಮಾಡಿದಳು. ಅವನು ಮೀಟಿಂಗಿನಲ್ಲಿದ್ದ, ಆದರೂ ಎತ್ತಿದ.

“ರೀ,” ಎಂದಳು. “ರೀ, ಪ್ರಣತಿ ಹೋಗ್ಬಿಟ್ಲು.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಅಲ್ಲೇ ಇರು. ಈಗ್ಲೇ ಹೊರಟೆ” ಎಂದ.